ಗಡಿಸೀಮೆಯ ಅಥ್ಲೀಟುಗಳು: ಕಣದಿಂದ ತರಬೇತಿಗೆ

ಓಟ, ಜಿಗಿತ, ಎಸೆತಗಳಲ್ಲಿ ಸ್ಪರ್ಧಿಸಿ, ಆಮೇಲೆ ಅದೇ ಮೈದಾನದಲ್ಲಿ ಕಿರಿಯರನ್ನು ತಯಾರು ಮಾಡುತ್ತ ಉಳಿದ ಅಥ್ಲೀಟುಗಳ ಒಂದು ಪರಂಪರೆ ಕರ್ನಾಟಕದಲ್ಲೂ ಅದರ ದಕ್ಷಿಣ ಗಡಿಗೆ ತಾಗಿದ ಹೊಸೂರು, ಕೃಷ್ಣಗಿರಿ, ಸೇಲಂ ಸೀಮೆಯಲ್ಲೂ ಇದೆ. ಇದರ ಕೇಂದ್ರ ಬೆಂಗಳೂರು. ಅಲ್ಲಿನ ಶ್ರೀ ಕಂಠೀರವ ಕ್ರೀಡಾಂಗಣ ಮತ್ತು ಭಾರತೀಯ ಕ್ರೀಡಾ ಪ್ರಾಧಿಕಾರದ ಜ್ಞಾನಭಾರತಿ ಆವರಣ, ಈ ಎರಡು ಜಾಗಗಳನ್ನು ಸುತ್ತಿಕೊಂಡೇ ಈ ಭಾಗದ ಅಥ್ಲೆಟಿಕ್ಸ್ ಬೆಳೆದಿದೆ. ಅಥ್ಲೀಟಿನ ಸ್ಪರ್ಧೆಯ ವರ್ಷಗಳು ಹತ್ತೋ ಹದಿನೈದೋ. ತರಬೇತಿಯ ವರ್ಷಗಳು ಅದರ ಎರಡು ಮೂರು ಪಟ್ಟು. ಪದಕಗಳ ಪಟ್ಟಿಯನ್ನಷ್ಟೇ ಓದಿದವರಿಗೆ ಈ ಎರಡನೆಯ ಭಾಗ ಕಣ್ಣಿಗೆ ಬೀಳುವುದಿಲ್ಲ. ಈ ನಾಡಿನ ಅಥ್ಲೆಟಿಕ್ಸ್ ನಿಂತಿರುವುದು ಮಾತ್ರ ಆ ಭಾಗದ ಮೇಲೆ.

ಸೀಮೆ

ಹೊಸೂರಿನಿಂದ ರಾಯಕೋಟೆ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಸಾನಮಾವು, ಮೀಸಲು ಅರಣ್ಯಕ್ಕೆ ಅಂಟಿಕೊಂಡ ಊರು. ರಾಗಿ ಕೊಯ್ಲಿನ ಕಾಲಕ್ಕೆ ಬನ್ನೇರುಘಟ್ಟ, ಜವಳಗಿರಿ ಕಾಡುಗಳ ಕಡೆಯಿಂದ ಬರುವ ಆನೆಹಿಂಡುಗಳು ಸಾನಮಾವು ಕಾಡಿನಲ್ಲಿ ಬೀಡುಬಿಡುತ್ತವೆ. ಅರಣ್ಯ ಇಲಾಖೆ ಎಚ್ಚರಿಕೆ ಕೊಟ್ಟ ದಿನಗಳಲ್ಲಿ ಬೆಳಗಿನ ಜಾವ ಹೊಲದ ಕಡೆ ಹೋಗುವುದೂ ಅಪಾಯ. ಓಟಗಾರರು ಅಭ್ಯಾಸಕ್ಕೆ ಹೊರಡುವ ಹೊತ್ತೂ ಅದೇ. ಇಂಥ ಊರುಗಳಲ್ಲಿ ಓಟ ಶುರುವಾಗುವುದು ಶಾಲೆಯ ಬಯಲಿನಲ್ಲಿ, ಪಿ.ಟಿ. ಮೇಷ್ಟ್ರ ವಿಷಲ್‌ಗೆ. ಮುಂದೆ ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ, ಅಲ್ಲಿಂದ ಮುಂದಕ್ಕೆ ಮಕ್ಕಳಿಗೆ ಮೇಷ್ಟ್ರಷ್ಟೇ ಸಾಲದು, ಕೋಚ್ ಬೇಕು.

ಈ ಸೀಮೆ ಮೊದಲು ಸೇಲಂ ಜಿಲ್ಲೆಯಲ್ಲಿತ್ತು. 1965ರಲ್ಲಿ ಧರ್ಮಪುರಿ ಜಿಲ್ಲೆಗೆ, 2004ರಲ್ಲಿ ಹೊಸದಾಗಿ ಆದ ಕೃಷ್ಣಗಿರಿ ಜಿಲ್ಲೆಗೆ ಸೇರಿತು. ಕನ್ನಡ, ತೆಲುಗು, ತಮಿಳು ಮೂರೂ ಇಲ್ಲಿ ಮನೆಮಾತು. ಹೊಸೂರಿನಿಂದ ಬೆಂಗಳೂರಿಗೆ ಸುಮಾರು 40 ಕಿಲೋಮೀಟರ್, ಚೆನ್ನೈಗೆ ಸುಮಾರು 300. ಆದರೆ ಇಲ್ಲಿನ ಹುಡುಗ ಹುಡುಗಿಯರು ಜಿಲ್ಲೆಗಾಗಿ, ರಾಜ್ಯಕ್ಕಾಗಿ ಓಡುವುದು ತಮಿಳುನಾಡಿನ ಅಂಗಿ ತೊಟ್ಟು. ರಾಜ್ಯಕೂಟದ ಬಸ್ಸು ಪೂರ್ವಕ್ಕೆ ಹೊರಡುತ್ತದೆ, ಹತ್ತಿರದ ಸಿಂಥೆಟಿಕ್ ಟ್ರ್ಯಾಕುಗಳೂ ಹೆಸರಾಂತ ಕೋಚುಗಳೂ ಇರುವುದು ಉತ್ತರಕ್ಕೆ. ಗಡಿಸೀಮೆಯ ಅಥ್ಲೀಟಿನ ಬದುಕನ್ನು ಈ ಎರಡು ದಿಕ್ಕಿನ ಎಳೆತ ಬಹಳ ಮಟ್ಟಿಗೆ ರೂಪಿಸುತ್ತದೆ. ಸೇಲಂನಿಂದ ಧರ್ಮಪುರಿ, ಕೃಷ್ಣಗಿರಿ, ಹೊಸೂರು ದಾಟಿ ಬೆಂಗಳೂರು ಸೇರುವ ಹೆದ್ದಾರಿಯಲ್ಲಿ ಬಂದು ಪ್ಯಾರಾಲಿಂಪಿಕ್ಸ್ ಚಿನ್ನದವರೆಗೆ ಹೋದ ಒಬ್ಬರ ವಿಷಯ ಮುಂದೆ ಬರುತ್ತದೆ.

ಕೋಚ್ ಇಲ್ಲದ ಕಾಲ

ಈ ಚರಿತ್ರೆಯ ಮೊದಲ ದೊಡ್ಡ ಹೆಸರೂ ಒಂದು ಗಡಿನಾಡಿನದೇ. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿದರು. ಆ ವರ್ಷದ ಮ್ಯಾರಥಾನ್ 42.75 ಕಿಲೋಮೀಟರ್ ಇತ್ತು. ಒಲಿಂಪಿಕ್ಸ್ ಮ್ಯಾರಥಾನ್‌ಗಳಲ್ಲಿ ಅದಕ್ಕಿಂತ ಉದ್ದದ್ದು ಮತ್ತೊಂದಿಲ್ಲ. ಚೌಗುಲೆ ಅದನ್ನು 2 ಗಂಟೆ 50 ನಿಮಿಷ 45.4 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾದರು. ದೂರದ ಓಟಕ್ಕೆ ಬೇಕಾದ ಆಹಾರ, ವಿಶ್ರಾಂತಿ, ವೇಗದ ಹಂಚಿಕೆ ಇವನ್ನೆಲ್ಲ ಹೇಳಿಕೊಡುವ ಶಾಸ್ತ್ರವೇ ನಮ್ಮಲ್ಲಿ ಇನ್ನೂ ಬಂದಿರದ ದಿನಗಳಲ್ಲಿ ಬಂದ ಫಲಿತಾಂಶವಿದು. ಕನ್ನಡ ನಾಡಿನಲ್ಲಿ ಚೌಗುಲೆಯವರಿಗೆ ಸಲ್ಲಬೇಕಾದಷ್ಟು ಗೌರವ ಇನ್ನೂ ಸಂದಿಲ್ಲ.

ಕೃಷ್ಣಗಿರಿ ಜಿಲ್ಲೆಗೆ ಒತ್ತಿಕೊಂಡಿರುವ ಕೋಲಾರ ಜಿಲ್ಲೆಯಲ್ಲಿ 1940ರಲ್ಲಿ ಹುಟ್ಟಿದ ಕೆನೆತ್ ಪೊವೆಲ್ 1960ರ ದಶಕದ ದೇಶದ ಮುಂಚೂಣಿ ಸ್ಪ್ರಿಂಟರ್. ಬೆಂಗಳೂರಿನ ಐಟಿಐ ಕಾರ್ಖಾನೆಯ ನೌಕರಿ ಅವರ ಕ್ರೀಡಾಬದುಕಿಗೆ ಆಸರೆಯಾಯಿತು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ 4x100 ಮೀಟರ್ ರಿಲೇ ತಂಡ ಸೆಮಿಫೈನಲ್ ಮುಟ್ಟಿದಾಗ ಪೊವೆಲ್ ಅದರಲ್ಲಿದ್ದರು. 1965ರಲ್ಲಿ ಅರ್ಜುನ ಪ್ರಶಸ್ತಿ ಬಂತು. 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ರಿಲೇ ಕಂಚು ಗೆದ್ದರು. 2022ರ ಡಿಸೆಂಬರಿನಲ್ಲಿ ತೀರಿಕೊಳ್ಳುವವರೆಗೂ ಬೆಂಗಳೂರಿನ ಅಥ್ಲೆಟಿಕ್ಸ್ ವಲಯ ಅವರನ್ನು ತನ್ನವರಲ್ಲಿ ಹಿರಿಯರೆಂದು ಕಂಡಿತು. ಸಾರ್ವಜನಿಕ ಉದ್ದಿಮೆಗಳು ಆಟಗಾರರಿಗೆ ಕೆಲಸ ಕೊಟ್ಟು ಸಾಕಿದ ಆ ಕಾಲವನ್ನು ನೆನೆಯದೆ ಕರ್ನಾಟಕದ ಅಥ್ಲೆಟಿಕ್ಸ್ ಚರಿತ್ರೆ ಬರೆಯಲಾಗದು. ಸಂಬಳ ತಿಂಗಳು ತಿಂಗಳಿಗೆ ಬರುವವನಷ್ಟೇ ಬೆಳಿಗ್ಗೆ ಸಂಜೆ ಗ್ರೌಂಡಿಗೆ ಹೋಗಬಲ್ಲ.

ತರಬೇತಿ ವೃತ್ತಿಯಾದದ್ದು

1961ರಲ್ಲಿ ಪಟಿಯಾಲದ ಮೋತಿಬಾಗ್ ಅರಮನೆಯಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ (ಎನ್‌ಐಎಸ್) ಆರಂಭವಾಯಿತು. ಆಟ ನಿಲ್ಲಿಸಿದವರು ಅಲ್ಲಿ ಡಿಪ್ಲೊಮಾ ಮಾಡಿ ಕೋಚ್ ಆಗುವ ದಾರಿ ತೆರೆಯಿತು. ‘ಎನ್‌ಐಎಸ್ ಆಗಿದೆಯಾ?’ ಎಂಬುದು ಇವತ್ತಿಗೂ ಕೋಚ್ ಕೆಲಸಕ್ಕೆ ಬಂದವರಿಗೆ ಎದುರಾಗುವ ಮೊದಲ ಪ್ರಶ್ನೆ. ತರಬೇತುದಾರರಿಗೆಂದೇ ದ್ರೋಣಾಚಾರ್ಯ ಪ್ರಶಸ್ತಿ ಬಂದದ್ದು 1985ರಲ್ಲಿ. ಅಥ್ಲೆಟಿಕ್ಸ್‌ನಲ್ಲಿ ಅದನ್ನು ಮೊದಲು ಪಡೆದವರು ಪಿ.ಟಿ. ಉಷಾ ಅವರ ಗುರು ಒ.ಎಂ. ನಂಬಿಯಾರ್.

ಕಂಠೀರವದ ಹಳಬರಲ್ಲಿ ಎನ್. ಲಿಂಗಪ್ಪ ಅವರದು ಬಹು ದೀರ್ಘ ಸೇವೆ. ನಡಿಗೆ ಸ್ಪರ್ಧಿಯಾಗಿ ಆರಂಭಿಸಿ ತರಬೇತಿಗೆ ಬಂದ ಅವರಿಗೆ ಜೀವಮಾನ ಸಾಧನೆಯ ದ್ರೋಣಾಚಾರ್ಯ ಪ್ರಶಸ್ತಿ ಸಿಕ್ಕಿದ್ದು 2014ರಲ್ಲಿ, ತೊಂಬತ್ತರ ಆಸುಪಾಸಿನ ವಯಸ್ಸಿನಲ್ಲಿ. 2020ರ ಜೂನ್‌ನಲ್ಲಿ ಅವರು ತೀರಿಕೊಂಡರು. ತರಬೇತುದಾರ ವಿ.ಆರ್. ಬೀಡು ಅವರಿಗೆ ಇದೇ ಗೌರವ 2018ರಲ್ಲಿ ಬಂತು.

ಪುರುಷೋತ್ತಮ ರೈ ಅವರ ಕಥೆ ಮನಸ್ಸನ್ನು ಕಲಕುತ್ತದೆ. 1974ರಲ್ಲಿ ತರಬೇತಿ ಆರಂಭಿಸಿದ ಅವರು ರಾಜ್ಯದ ಕ್ರೀಡಾ ಇಲಾಖೆಯಲ್ಲೂ ಕ್ರೀಡಾ ಪ್ರಾಧಿಕಾರದಲ್ಲೂ ದುಡಿದರು. ವಂದನಾ ರಾವ್, ಅಶ್ವಿನಿ ನಾಚಪ್ಪ, ರೋಸಾ ಕುಟ್ಟಿ, ಜಿ.ಜಿ. ಪ್ರಮೀಳಾ ಅವರ ಗರಡಿಯಲ್ಲಿ ಪಳಗಿದವರು. ವಂದನಾ ರಾವ್ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ 4x400 ಮೀಟರ್ ರಿಲೇ ಫೈನಲ್ ಓಡಿ ಏಳನೆಯದಾದ ಭಾರತ ತಂಡದಲ್ಲಿದ್ದರು. ಎರಡು ವರ್ಷದ ನಂತರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ಅದೇ ರಿಲೇಯಲ್ಲಿ ಚಿನ್ನ ಗೆದ್ದ ತಂಡದಲ್ಲೂ ಇದ್ದರು. ಉಷಾ ಅವರನ್ನು ಟ್ರ್ಯಾಕಿನ ಮೇಲೆ ಹಿಂದಿಕ್ಕಿದ ಕೊಡಗಿನ ಅಶ್ವಿನಿ, ಓಟ ಮುಗಿಸಿದ ಮೇಲೆ ಗೋಣಿಕೊಪ್ಪದಲ್ಲಿ ಓದು ಮತ್ತು ಆಟ ಎರಡನ್ನೂ ಕಲಿಸುವ ‘ಕಾಲ್ಸ್’ ಶಾಲೆ ಕಟ್ಟಿದರು. ಪ್ರಮೀಳಾ ಹೆಪ್ಟಾಥ್ಲಾನ್‌ನಲ್ಲಿ 2000 ಮತ್ತು 2008ರ ಒಲಿಂಪಿಕ್ಸ್ ಆಡಿ, 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ತಂದರು. ಇಷ್ಟೆಲ್ಲ ಶಿಷ್ಯೆಯರನ್ನು ಬೆಳೆಸಿದ ಗುರುವಿಗೆ ದ್ರೋಣಾಚಾರ್ಯ ಘೋಷಣೆಯಾದದ್ದು 2020ರಲ್ಲಿ. ಕೋವಿಡ್ ಕಾರಣಕ್ಕೆ ಆ ವರ್ಷ ಸಮಾರಂಭ ಆನ್‌ಲೈನ್‌ನಲ್ಲಿ ಇತ್ತು. ರೈ ಹಿಂದಿನ ದಿನದ ತಾಲೀಮಿನಲ್ಲಿ ಪಾಲ್ಗೊಂಡರು. ಅಂದೇ, ಆಗಸ್ಟ್ 28ರಂದು, ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 79 ವರ್ಷ. ನಮ್ಮಲ್ಲಿ ಗುರುಗಳಿಗೆ ಗೌರವ ಎಷ್ಟು ತಡವಾಗಿ ಬರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮಾರಿಯಪ್ಪನ್ ತಂಗವೇಲು

ಗಡಿಸೀಮೆಯ ಅಥ್ಲೀಟು ಬೆಂಗಳೂರಿನ ತರಬೇತಿಯಿಂದ ಎಷ್ಟು ದೂರ ಹೋಗಬಲ್ಲರು ಎಂದು ತೋರಿಸಿಕೊಟ್ಟವರು ಸೇಲಂ ಜಿಲ್ಲೆಯ ಪೆರಿಯವಡಗಂಪಟ್ಟಿಯ ಮಾರಿಯಪ್ಪನ್ ತಂಗವೇಲು. ಐದನೇ ವಯಸ್ಸಿನಲ್ಲಿ ಶಾಲೆಗೆ ನಡೆದು ಹೋಗುತ್ತಿದ್ದಾಗ ಬಸ್ಸು ಹರಿದು ಬಲಗಾಲು ಮೊಣಕಾಲಿನ ಕೆಳಗೆ ಜಜ್ಜಿಹೋಯಿತು. ತಾಯಿ ತರಕಾರಿ ಮಾರಿ ಮಕ್ಕಳನ್ನು ಸಾಕಿದರು. ಶಾಲೆಯಲ್ಲಿ ಎತ್ತರ ಜಿಗಿತಕ್ಕೆ ಹಚ್ಚಿದವರು ಅಲ್ಲಿನ ದೈಹಿಕ ಶಿಕ್ಷಕರು. ಎರಡೂ ಕಾಲು ಸರಿಯಿರುವ ಹುಡುಗರ ಜೊತೆಗೇ ಮಾರಿಯಪ್ಪನ್ ಸ್ಪರ್ಧಿಸಿದರು.

ಬೆಂಗಳೂರಿನಲ್ಲಿ ನಡೆದ ರಾಷ್ಟ್ರೀಯ ಪ್ಯಾರಾ ಅಥ್ಲೆಟಿಕ್ಸ್ ಕೂಟದಲ್ಲಿ ಅವರನ್ನು ಗುರುತಿಸಿದವರು ತರಬೇತುದಾರ ಸತ್ಯನಾರಾಯಣ. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ 1.74 ಮೀಟರ್ ಹಾರಿ ಬೆಳ್ಳಿ ಗೆದ್ದಿದ್ದರು. ಆ ಕೂಟದಲ್ಲಿ ಭಾರತಕ್ಕೆ ಬಂದ ಪದಕ ಅದೊಂದೇ. ಆ ಬೆಳ್ಳಿಯ ಹಿಂದೆಯೂ ಸತ್ಯನಾರಾಯಣ ಇದ್ದರು. 2015ರಿಂದ ಮಾರಿಯಪ್ಪನ್ ಬೆಂಗಳೂರಿನಲ್ಲಿದ್ದು ಅವರ ಬಳಿ ಅಭ್ಯಾಸ ಮಾಡಿದರು. 2016ರ ಮಾರ್ಚಿನಲ್ಲಿ ಟ್ಯುನಿಷಿಯಾದ ಕೂಟದಲ್ಲಿ 1.78 ಮೀಟರ್ ದಾಟಿದರು. ರಿಯೊಗೆ ಬೇಕಿದ್ದ ಅರ್ಹತಾ ಮಟ್ಟ 1.60 ಮೀಟರ್ ಮಾತ್ರ. ಸೆಪ್ಟೆಂಬರಿನಲ್ಲಿ ರಿಯೊ ಪ್ಯಾರಾಲಿಂಪಿಕ್ಸ್‌ನ ಟಿ42 (ಕಾಲಿನ ಊನ ಇರುವವರ) ವಿಭಾಗದಲ್ಲಿ 1.89 ಮೀಟರ್ ಹಾರಿ ಚಿನ್ನ ಗೆದ್ದರು. ಅದೇ ಸ್ಪರ್ಧೆಯ ಕಂಚು ವರುಣ್ ಸಿಂಗ್ ಭಾಟಿ ಅವರದು. ಅವರೂ ಬೆಂಗಳೂರಿನ ಅದೇ ಗುಂಪಿನವರು.

ಎತ್ತರ ಜಿಗಿತದಲ್ಲಿ ಓಡಿ ಬರುವ ದಾರಿ ಕೊನೆಗೆ ಬಿಲ್ಲಿನಂತೆ ಬಾಗುತ್ತದೆ. ಆ ಬಾಗಿನಲ್ಲಿ ಮೈ ಒಳಕ್ಕೆ ವಾಲಿ, ಕಾಲು ನೆಲ ಒದ್ದ ಕ್ಷಣದಲ್ಲಿ ಮುಂದಿನ ವೇಗ ಮೇಲಕ್ಕೆ ತಿರುಗಬೇಕು. ಎರಡು ಕಾಲಿನ ಉದ್ದವೂ ಹಿಡಿತವೂ ಒಂದೇ ಸಮ ಇಲ್ಲದವರಿಗೆ ಪ್ರತಿ ಹೆಜ್ಜೆಯ ಲಯವನ್ನೇ ಬೇರೆಯಾಗಿ ಕಟ್ಟಬೇಕಾಗುತ್ತದೆ. ಪುಸ್ತಕದಲ್ಲಿ ಇರುವ ಹೆಜ್ಜೆಯ ಲೆಕ್ಕ ಇಲ್ಲಿ ನಡೆಯದು. ಕೋಚ್ ಟೇಪು ಹಿಡಿದು, ಗುರುತು ಹಾಕಿ, ಮತ್ತೆ ಅಳಿಸಿ, ಆ ಒಬ್ಬರ ಮೈಗೆ ಒಪ್ಪುವ ಲೆಕ್ಕ ಹುಡುಕಬೇಕು. 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸ್ ಫೈನಲ್‌ನಲ್ಲಿ ಈ ಲೆಕ್ಕವನ್ನು ತಪ್ಪಿಸಿದ್ದು ತುಂತುರು ಮಳೆ. ಊನವಾದ ಪಾದಕ್ಕೆ ಹಾಕಿದ್ದ ಕಾಲುಚೀಲ ನೆನೆದು ನೆಲಕ್ಕೆ ಅಂಟಿಕೊಂಡಿತು, ನೆಗೆತ ಏಳಲಿಲ್ಲ ಎಂದು ಮಾರಿಯಪ್ಪನ್ ಸ್ಪರ್ಧೆಯ ನಂತರ ಹೇಳಿದರು. 1.86 ಮೀಟರ್‌ಗೆ ಬೆಳ್ಳಿ ಬಂತು. ಅಮೆರಿಕದ ಸ್ಯಾಮ್ ಗ್ರೂ 1.88ರಲ್ಲಿ ಚಿನ್ನ ಒಯ್ದರು. ಆ ಕೂಟದ ಉದ್ಘಾಟನೆಯಲ್ಲಿ ಮಾರಿಯಪ್ಪನ್ ದೇಶದ ಧ್ವಜ ಹಿಡಿಯಬೇಕಿತ್ತು. ಪ್ರಯಾಣದಲ್ಲಿ ಕೋವಿಡ್ ಸೋಂಕಿತರ ಸಂಪರ್ಕಕ್ಕೆ ಬಂದಿದ್ದರಿಂದ ಆ ಅವಕಾಶವೂ ತಪ್ಪಿತ್ತು.

2024ರಲ್ಲಿ ಜಪಾನಿನ ಕೋಬೆಯ ವಿಶ್ವ ಪ್ಯಾರಾ ಚಾಂಪಿಯನ್‌ಷಿಪ್‌ನಲ್ಲಿ 1.88 ಮೀಟರ್‌ಗೆ ಚಿನ್ನ, ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.85 ಮೀಟರ್‌ಗೆ ಕಂಚು. ಹೀಗೆ ಸತತ ಮೂರು ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ, ಬೆಳ್ಳಿ, ಕಂಚು ಮೂರೂ ಅವರ ಕೈ ಸೇರಿದವು. ಪದ್ಮಶ್ರೀ ಮತ್ತು ಖೇಲ್ ರತ್ನ ಪಡೆದಿರುವ ಅವರನ್ನು ಕ್ರೀಡಾ ಪ್ರಾಧಿಕಾರ ತರಬೇತುದಾರರಾಗಿಯೂ ನೇಮಿಸಿಕೊಂಡಿತು. ಸ್ಪರ್ಧೆ ಮುಗಿದ ಮೇಲೆ ತರಬೇತಿ ಎಂಬ ಹಳೆಯ ಕ್ರಮ ಅವರ ವಿಷಯದಲ್ಲಿ ಬದಲಾಯಿತು, ಎರಡೂ ಒಟ್ಟಿಗೆ ನಡೆದವು.

ಪ್ಯಾರಾ ಕ್ರೀಡೆಗೆ ಬೆಂಗಳೂರಿನಲ್ಲಿ ಇದಕ್ಕೂ ಹಿಂದಿನ ಒಂದು ಬೇರು ಇದೆ. ಪೋಲಿಯೊದಿಂದ ಗಾಲಿಕುರ್ಚಿಗೆ ಬಂದ ಮಾಲತಿ ಕೃಷ್ಣಮೂರ್ತಿ ಹೊಳ್ಳ ದಶಕಗಳ ಕಾಲ ಓಟ, ಎಸೆತಗಳಲ್ಲಿ ಸ್ಪರ್ಧಿಸಿ ಅರ್ಜುನ, ಪದ್ಮಶ್ರೀ ಪಡೆದರು. ‘ಮಾತೃ ಫೌಂಡೇಷನ್’ ಕಟ್ಟಿ ಅಂಗವಿಕಲ ಮಕ್ಕಳಿಗೆ ನೆಲೆ ಕೊಟ್ಟರು.

ಕಾಶಿನಾಥ ನಾಯ್ಕ ಮತ್ತು ಜಾವೆಲಿನ್

ಉತ್ತರ ಕನ್ನಡದ ಸಿರಸಿ ಕಡೆಯ ಕಾಶಿನಾಥ ನಾಯ್ಕ ಸೇನೆಗೆ ಸೇರಿ ಜಾವೆಲಿನ್ ಹಿಡಿದವರು. 2010ರ ದೆಹಲಿ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ 74.29 ಮೀಟರ್ ಎಸೆದು ಕಂಚು ಗೆದ್ದರು. ಜಾವೆಲಿನ್‌ನಲ್ಲಿ ಆ ಕೂಟದ ಪದಕ ಭಾರತಕ್ಕೆ ಬಂದದ್ದು ಅದೇ ಮೊದಲು. ಆಮೇಲೆ ತರಬೇತಿಗೆ ಬಂದು ರಾಷ್ಟ್ರೀಯ ಶಿಬಿರದಲ್ಲೂ ಪುಣೆಯ ಸೇನಾ ಕ್ರೀಡಾ ಸಂಸ್ಥೆಯಲ್ಲೂ ಎಸೆತಗಾರರನ್ನು ತಿದ್ದಿದರು. ಅವರ ಬಳಿ ಕಲಿತವರಲ್ಲಿ ಅನ್ನು ರಾಣಿ ಇದ್ದಾರೆ. ನೀರಜ್ ಚೋಪ್ರಾ ಹದಿಹರೆಯದಲ್ಲಿ ರಾಷ್ಟ್ರೀಯ ಶಿಬಿರ ಸೇರಿದ ದಿನಗಳಲ್ಲಿ ಅಲ್ಲಿನ ಜಾವೆಲಿನ್ ಕೋಚ್ ನಾಯ್ಕರೇ.

ಪುರುಷರ ಜಾವೆಲಿನ್ ತೂಕ 800 ಗ್ರಾಂ, ಮಹಿಳೆಯರದು 600 ಗ್ರಾಂ. ನೋಡುವವರಿಗೆ ಕೈಯ ಆಟ ಅನ್ನಿಸುತ್ತದೆ. ಬಲಗೈ ಎಸೆತಗಾರನ ಕೋಚ್ ನೋಡುವುದು ಎಡಗಾಲನ್ನು. ಕೊನೆಯ ಅಡ್ಡಹೆಜ್ಜೆಗಳ ನಂತರ ಎಡಗಾಲು ನೆಟ್ಟಗೆ ನೆಲಕ್ಕೆ ನಾಟಬೇಕು, ಮೊಣಕಾಲು ಮಡಿಯಬಾರದು. ಓಟದ ವೇಗವೆಲ್ಲ ಅಲ್ಲಿ ತಡೆದು, ಸೊಂಟದಿಂದ ಎದೆಗೆ, ಹೆಗಲಿಗೆ, ಮೊಣಕೈಗೆ ಏರಿ ಈಟಿಗೆ ದಾಟುತ್ತದೆ. ಎಡಗಾಲು ಸ್ವಲ್ಪ ಮಡಿದರೂ ಮೀಟರುಗಟ್ಟಲೆ ದೂರ ಕಳೆದುಹೋಗುತ್ತದೆ, ಕೈ ಬೇಗ ಎಳೆದರೆ ಮೊಣಕೈಗೆ ಪೆಟ್ಟು. ಇದನ್ನು ಮೈಗೆ ಹಿಡಿಸಲು ಎಸೆತಗಾರ ಈಟಿ ಇಲ್ಲದೆ ಬರೀ ಹೆಜ್ಜೆ ಹಾಕುತ್ತ, ಭಾರದ ಚೆಂಡು ಎಸೆಯುತ್ತ ಸಾವಿರಾರು ಸಲ ಅದೇ ಕೆಲಸ ಮಾಡಬೇಕು. ತಾನೇ ಎಸೆದು ಮೊಣಕೈ ನೋವು ತಿಂದ ಕೋಚಿಗೆ ಎಲ್ಲಿ ನಿಲ್ಲಿಸಬೇಕು ಎಂಬುದು ಗೊತ್ತಿರುತ್ತದೆ.

2021ರ ಆಗಸ್ಟ್ 7ರಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನೀರಜ್ 87.58 ಮೀಟರ್ ಎಸೆದು ಚಿನ್ನ ಗೆದ್ದಾಗ ಕರ್ನಾಟಕ ಸರ್ಕಾರ ನಾಯ್ಕರಿಗೆ 10 ಲಕ್ಷ ರೂಪಾಯಿ ಬಹುಮಾನ ಘೋಷಿಸಿತು. ಅಥ್ಲೆಟಿಕ್ಸ್ ಫೆಡರೇಷನ್‌ನ ಅಂದಿನ ಅಧ್ಯಕ್ಷ ಆದಿಲ್ ಸುಮರಿವಾಲಾ ಅದನ್ನು ಪ್ರಶ್ನಿಸಿದರು, ನಾಯ್ಕ ಉತ್ತರ ಕೊಟ್ಟರು, ಮಾತು ಪತ್ರಿಕೆಗಳಲ್ಲಿ ಬೆಳೆಯಿತು. ಆ ಚಿನ್ನದ ಹೊತ್ತಿಗೆ ನೀರಜ್ ಜೊತೆ ಇದ್ದ ಕೋಚ್ ಜರ್ಮನಿಯ ಕ್ಲಾಸ್ ಬಾರ್ಟೊನಿಯೆಟ್ಜ್. ಅವರಿಗೆ ಮುಂಚೆ ಊವೆ ಹೋನ್, ಅವರಿಗೂ ಮುಂಚೆ ಗ್ಯಾರಿ ಕ್ಯಾಲ್ವರ್ಟ್. ಅದಕ್ಕೂ ಹಿಂದೆ ಪಾಣಿಪತ್‌ನಲ್ಲಿ, ಪಂಚಕುಲದಲ್ಲಿ ಕಲಿಸಿದವರು ಬೇರೆ. ಎಸೆತಗಾರನೊಬ್ಬ ಇಷ್ಟು ಕೈ ದಾಟಿ ಬರುತ್ತಾನೆ. ನಡುವಿನ ಎರಡು ಮೂರು ವರ್ಷ ಅವನನ್ನು ತಿದ್ದಿದವರ ಹೆಸರನ್ನು ಒಂದು ಪದಕದ ದಿನ ಅಳಿಸಿಹಾಕುವುದು ಅನ್ಯಾಯವೇ.

ನಾಯ್ಕರ ಶಿಷ್ಯರಲ್ಲಿ ಹಾಸನ ಜಿಲ್ಲೆ ಬೇಲೂರು ಕಡೆಯ ಡಿ.ಪಿ. ಮನು ಬಹಳ ಆಸೆ ಹುಟ್ಟಿಸಿದವರು. 2022ರ ಬರ್ಮಿಂಗ್‌ಹ್ಯಾಂ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಐದನೇ ಸ್ಥಾನ, 2023ರ ಬ್ಯಾಂಕಾಕ್ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ. ಅದೇ ವರ್ಷ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ 84.14 ಮೀಟರ್ ಎಸೆದು ಆರನೆಯವರಾದರು. ಆ ಫೈನಲ್‌ನ ಮೊದಲ ಆರರಲ್ಲಿ ಮೂವರು ಭಾರತೀಯರು. 2024ರಲ್ಲಿ ಉದ್ದೀಪನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಮನು ಪ್ಯಾರಿಸ್ ಒಲಿಂಪಿಕ್ಸ್ ಕಳೆದುಕೊಂಡರು, ಮುಂದೆ ನಾಲ್ಕು ವರ್ಷದ ನಿಷೇಧಕ್ಕೆ ಒಳಗಾದರು. ಮಾತ್ರೆ, ಪುಡಿ, ಚುಚ್ಚುಮದ್ದು ಯಾವುದನ್ನೂ ಕೇಳದೆ ಮುಟ್ಟಬಾರದು ಎಂಬ ಪಾಠ ಹೆಜ್ಜೆಯ ಲೆಕ್ಕದಷ್ಟೇ ಮುಖ್ಯ. ಹಳ್ಳಿಗಳಿಂದ ಬರುವ ಮಕ್ಕಳಿಗೆ ಅದನ್ನು ಮೊದಲ ದಿನದಿಂದಲೇ ಹೇಳಿಕೊಡಬೇಕು.

ಮನೆಯೊಳಗಿನ ಗುರು

ಕೆಲವರ ವಿಷಯದಲ್ಲಿ ಕೋಚ್ ಮನೆಯಲ್ಲೇ ಇದ್ದರು. ಮೈಸೂರಿನಲ್ಲಿ 1983ರಲ್ಲಿ ಹುಟ್ಟಿದ ವಿಕಾಸ್ ಗೌಡ ಅವರ ತಂದೆ ಶಿವೇಗೌಡ ಸ್ವತಃ ಅಥ್ಲೀಟು, 1988ರ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದ ಕೋಚ್. ಕುಟುಂಬ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ನೆಲೆಸಿತು. ವಿಕಾಸ್ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಓದುತ್ತ ಡಿಸ್ಕಸ್ ಎಸೆದರು. ಸ್ಪರ್ಧಿಸಿದ್ದು ಭಾರತದ ಪರ. 2004ರಿಂದ 2016ರವರೆಗೆ ನಾಲ್ಕು ಒಲಿಂಪಿಕ್ಸ್ ಆಡಿ, 2012ರ ಲಂಡನ್‌ನಲ್ಲಿ ಫೈನಲ್ ತಲುಪಿ ಎಂಟನೆಯವರಾದರು. ಅದೇ ವರ್ಷದ ಅವರ 66.28 ಮೀಟರ್ ರಾಷ್ಟ್ರೀಯ ದಾಖಲೆ. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ 63.64 ಮೀಟರ್ ಎಸೆದು ಚಿನ್ನ ಗೆದ್ದರು. 1958ರಲ್ಲಿ ಮಿಲ್ಖಾ ಸಿಂಗ್ ಗೆದ್ದ ಮೇಲೆ ಆ ಕೂಟದ ಅಥ್ಲೆಟಿಕ್ಸ್‌ನಲ್ಲಿ ಭಾರತದ ಪುರುಷರಿಗೆ ಸಿಕ್ಕಿದ ಮೊದಲ ಚಿನ್ನ ಅದು.

ಬೆಂಗಳೂರಿಗೆ ಬಂದು ನೆಲೆಸಿದ ಅಂಜು ಬಾಬಿ ಜಾರ್ಜ್ ಹುಟ್ಟಿದ್ದು ಕೇರಳದಲ್ಲಿ. ಅವರ ಕೋಚ್ ಅವರ ಪತಿ ರಾಬರ್ಟ್ ಬಾಬಿ ಜಾರ್ಜ್, ಟ್ರಿಪಲ್ ಜಂಪ್‌ನಲ್ಲಿ ಹೆಸರು ಮಾಡಿದವರು, ಎಂಜಿನಿಯರ್. ಪತ್ನಿಯ ತರಬೇತಿಗಾಗಿ ತಮ್ಮ ಸ್ಪರ್ಧೆಯನ್ನು ಬಿಟ್ಟರು. 2003ರಲ್ಲಿ ಪ್ಯಾರಿಸ್‌ನಲ್ಲಿ 6.70 ಮೀಟರ್ ಉದ್ದ ಜಿಗಿದು ಅಂಜು ವಿಶ್ವ ಚಾಂಪಿಯನ್‌ಷಿಪ್ ಪದಕ ಗೆದ್ದ ಮೊದಲ ಭಾರತೀಯರಾದರು. 2004ರ ಅಥೆನ್ಸ್ ಒಲಿಂಪಿಕ್ಸ್‌ನ 6.83 ಮೀಟರ್ ಇವತ್ತಿಗೂ ರಾಷ್ಟ್ರೀಯ ದಾಖಲೆ. ಒಂದೇ ಮೂತ್ರಪಿಂಡದ ಮೇಲೆ ಇಷ್ಟೆಲ್ಲ ಸಾಧಿಸಿದೆ ಎಂದು ಅವರು ಹೊರಗೆ ಹೇಳಿದ್ದು 2020ರಲ್ಲಿ. ಈಗ ದಂಪತಿ ತಮ್ಮ ಸಂಸ್ಥೆಯ ಮೂಲಕ ಹುಡುಗಿಯರನ್ನು ತಯಾರು ಮಾಡುತ್ತಿದ್ದಾರೆ. ಝಾನ್ಸಿಯಿಂದ ಚಿಕ್ಕ ವಯಸ್ಸಿನಲ್ಲೇ ಬಂದ ಶೈಲಿ ಸಿಂಗ್ 2021ರಲ್ಲಿ ನೈರೋಬಿಯ 20 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 6.59 ಮೀಟರ್ ಜಿಗಿದು ಬೆಳ್ಳಿ ಗೆದ್ದರು. ಚಿನ್ನಕ್ಕೂ ಅವರಿಗೂ ಇದ್ದ ಅಂತರ ಒಂದು ಸೆಂಟಿಮೀಟರ್. ಆ ವರ್ಷವೇ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಅಂಜು ಅವರಿಗೆ ವರ್ಷದ ಮಹಿಳೆ ಗೌರವ ಕೊಟ್ಟಿತು. ಅದು ಸಂದದ್ದು ಅವರ ಜಿಗಿತಕ್ಕಲ್ಲ, ಕಲಿಸುವ ಕೆಲಸಕ್ಕೆ.

ದಕ್ಷಿಣ ಕನ್ನಡದ ಸಹನಾ ಕುಮಾರಿ ಎತ್ತರ ಜಿಗಿತದಲ್ಲಿ 2012ರಲ್ಲಿ 1.92 ಮೀಟರ್ ದಾಟಿ ರಾಷ್ಟ್ರೀಯ ದಾಖಲೆ ಬರೆದು ಲಂಡನ್ ಒಲಿಂಪಿಕ್ಸ್‌ಗೆ ಹೋದವರು. ಪತಿ ಬಿ.ಜಿ. ನಾಗರಾಜ್ ಸ್ಪ್ರಿಂಟರ್. ಅವರ ಮಗಳು ಪಾವನಾ ನಾಗರಾಜ್ 2024ರಲ್ಲಿ ದುಬೈನಲ್ಲಿ ನಡೆದ 20 ವರ್ಷದೊಳಗಿನವರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಉದ್ದ ಜಿಗಿತದ ಚಿನ್ನ ಗೆದ್ದರು.

ಕಂಠೀರವ ಇಂದು

ಸಂಪಂಗಿ ಕೆರೆಯಂಗಳದಲ್ಲಿ ಎದ್ದ ಕಂಠೀರವ ಕ್ರೀಡಾಂಗಣ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಸಜ್ಜಾದ ಮೇಲೆ ಈಗಿನ ರೂಪಕ್ಕೆ ಬಂತು. ಫುಟ್‌ಬಾಲ್ ಪಂದ್ಯ ಮತ್ತು ಅಥ್ಲೆಟಿಕ್ಸ್ ಒಂದೇ ಅಂಗಳ ಹಂಚಿಕೊಂಡದ್ದರಿಂದ ಅಭ್ಯಾಸಕ್ಕೆ ಅಡ್ಡಿಯಾಗುತ್ತದೆಂದು ಕೋಚುಗಳು ದೂರು ಹೇಳಿದ್ದುಂಟು, ವಿಷಯ ನ್ಯಾಯಾಲಯದವರೆಗೂ ಹೋದದ್ದುಂಟು. ದಿನಾ ಬಂದು ಹೋಗುವ ಮಕ್ಕಳಿಗೆ ಟ್ರ್ಯಾಕ್ ತೆರೆದಿರಬೇಕು ಎಂಬ ಅವರ ಒತ್ತಾಯ ನ್ಯಾಯವಾದದ್ದು. 2025ರ ಜುಲೈ 5ರಂದು ಇದೇ ಕ್ರೀಡಾಂಗಣದಲ್ಲಿ ‘ನೀರಜ್ ಚೋಪ್ರಾ ಕ್ಲಾಸಿಕ್’ ಅಂತರರಾಷ್ಟ್ರೀಯ ಜಾವೆಲಿನ್ ಕೂಟ ನಡೆಯಿತು. ನೀರಜ್ 86.18 ಮೀಟರ್ ಎಸೆದು ಗೆದ್ದರು. ಕೆನ್ಯಾದ ಜೂಲಿಯಸ್ ಯೆಗೊ ಎರಡನೆಯವರಾದರು, ಶ್ರೀಲಂಕಾದ ರುಮೇಶ್ ಪತಿರಗೆ ಮೂರನೆಯವರಾದರು.